ಕಿಡಿಪೆಟ್ಟಿಗೆಯ ಕಣ್ಣು

"ಸೂಜಿ?"

"ಒಣಗಿದೆ."

"ನೀರಿನ ತೊಟ್ಟಿ?"

"ತುಂಬಿದೆ."

"ಗುಂಡು ಇಳಿಯೋ ದಾರಿ?"

"ಕೈ ಆಡಿಸಿದೀನಿ. ಸಲೀಸಾಗಿದೆ."

"ಕತ್ತಿ?"

"ಸೊಂಟದಲ್ಲಿದೆ."

"ಕಣ್ಣು?"

"ಹಸಿರು."

ಜೇನುಕಟ್ಟೆ ಬಯಲಿನಲ್ಲಿ ಚಳಿಗಾಲದ ಕೆಲಸ ಹೀಗೆ ಶುರುವಾಗುತ್ತಿತ್ತು. ಕೇಳುವವರು ಹೆಲಿಕಾಪ್ಟರು ಓಡಿಸುವ ಕ್ಯಾಪ್ಟನ್ ಉತ್ತಯ್ಯ. ಉತ್ತರ ಹೇಳುವವಳು ಚಿಕ್ಕತಾಯಿ. ಹಿಂಬಾಗಿಲಿಗೆ ಬಿಗಿದ ಕಿಡಿಪೆಟ್ಟಿಗೆ ಅವಳ ಸುಪರ್ದಿ. ಇಬ್ಬರೂ ಮಗ್ಗಿ ಒಪ್ಪಿಸುವವರ ಹಾಗೆ ಒಂದೇ ರಾಗದಲ್ಲಿ ಹೇಳಿ ಮುಗಿಸುತ್ತಿದ್ದರು. ಆದರೆ ಬಾಯಿ ಬಿಡುವ ಮೊದಲು ಚಿಕ್ಕತಾಯಿ ಒಂದೊಂದನ್ನೂ ಕೈಯಿಂದ ಮುಟ್ಟುತ್ತಿದ್ದಳು. ಮುಟ್ಟದೆ ಉತ್ತರ ಹೇಳಬಾರದು ಎನ್ನುವುದು ಆ ಕೆಲಸದ ಮೊದಲ ಪಾಠ. ಕಣ್ಣೊಂದನ್ನು ಮಾತ್ರ ಮುಟ್ಟುವಂತಿರಲಿಲ್ಲ. ಪೆಟ್ಟಿಗೆಯ ಮೇಲೆ ಹಸಿರು ದೀಪ ಹತ್ತಿದೆಯೇ ಎಂದು ನೋಡಿ ಹೇಳಬೇಕು, ಅಷ್ಟೆ.

ಚಳಿಗಾಲ ಗಿಡ್ಡವಾಗಿ, ಬೇಸಿಗೆ ಉದ್ದವಾಗಿ, ಲಾಂಟಾನದ ಪೊದೆ ಮರದ ಕೊಂಬೆಯವರೆಗೂ ಹತ್ತಿ ಕುಳಿತ ಮೇಲೆ ಆ ಬೆಟ್ಟಸಾಲಿನಲ್ಲಿ ಏಳುವ ಬೆಂಕಿ ಮೊದಲಿನ ಬೆಂಕಿಯಾಗಿ ಉಳಿದಿರಲಿಲ್ಲ. ನೆಲದ ತರಗು ನೆಕ್ಕಿಕೊಂಡು ಹೋಗುತ್ತಿದ್ದದ್ದು ಈಗ ಮರದ ನೆತ್ತಿಗೆ ಏರಿ, ಕಣಿವೆ ದಾಟಿ, ತಪ್ಪಲಿನ ಊರುಗಳ ಹುಲ್ಲುಮೆದೆಗೆ ಬಂದು ನಿಲ್ಲುತ್ತಿತ್ತು. ಅಂಥ ಕೆಲವು ಬೇಸಿಗೆಗಳಾದ ಮೇಲೆ ಕಾನೂನು ಬದಲಾಯಿತು. ಕಾಡಿಗೆ ಕಡ್ಡಿ ಗೀರಿದವರನ್ನು ಹಿಡಿದು ಒಯ್ಯುತ್ತಿದ್ದ ಅರಣ್ಯ ಇಲಾಖೆಯೇ ಇಬ್ಬನಿ ಆರಿದ ಮೇಲೆ, ಗಾಳಿ ಏಳುವ ಮೊದಲು, ಕಾಡನ್ನು ತುಂಡು ತುಂಡಾಗಿ ಸುಡತೊಡಗಿತು. ಚಳಿಯಲ್ಲಿ ಸಣ್ಣಗೆ ಸುಟ್ಟರೆ ಬೇಸಿಗೆಯಲ್ಲಿ ದೊಡ್ಡದಾಗಿ ಸುಡಲು ಏನೂ ಉಳಿಯುವುದಿಲ್ಲ ಎಂಬ ಲೆಕ್ಕ. ಬೆಟ್ಟದ ಮೇಲೆ, ಪೋಡು ಎಂದು ಕರೆಯುವ ಹಾಡಿಯ ಸೋಲಿಗರಿಗೆ ಇದೇನೂ ಹೊಸ ಮಾತಲ್ಲ. ನೆಲದ ಮೇಲೆ ಬೆಂಕಿ ಕಾಯುವ ತಂಡದ ಮುಂದಾಳು ಕೇತಮ್ಮ ಅದೇ ಪೋಡಿನವಳು. "ನಮ್ಮಪ್ಪ ಇದೇ ಕೆಲ್ಸ ಮಾಡಿ ಜೈಲು ನೋಡ್ದ. ನಂಗೆ ಇದೇ ಕೆಲ್ಸಕ್ಕೆ ಸಂಬಳ ಕೊಡ್ತಾವ್ರೆ," ಎಂದು ಎಲೆಯಡಿಕೆ ಹಾಕಿದ ಬಾಯಲ್ಲಿ ನಗುತ್ತಿದ್ದಳು.

ಸುಡುವ ಕಾಡು ವಿಶಾಲ, ತಂಪಿನ ದಿನ ಕಡಿಮೆ. ಅದಕ್ಕೇ ಹೆಲಿಕಾಪ್ಟರು ಬಂದದ್ದು. ಕಿಡಿಪೆಟ್ಟಿಗೆಯೊಳಗೆ ನಿಂಬೆಹಣ್ಣಿನ ಗಾತ್ರದ ಬಿಳಿ ಪ್ಲಾಸ್ಟಿಕ್ ಗುಂಡುಗಳು. ಗುಂಡಿನೊಳಗೆ, ಹಿಂದೆ ಬಾವಿ ನೀರಿಗೆ ಹಾಕುತ್ತಿದ್ದರಲ್ಲ, ಆ ನೇರಳೆ ಪುಡಿ. ಪೆಟ್ಟಿಗೆಯ ಸೂಜಿ ಒಂದೊಂದೇ ಗುಂಡನ್ನು ಚುಚ್ಚಿ, ಕಾರಿನ ರೇಡಿಯೇಟರಿಗೆ ಹಾಕುವ ಕೂಲೆಂಟಿನಂಥ ದ್ರವವನ್ನು ಒಂದಿಷ್ಟು ಒಳಗೆ ಬಿಟ್ಟು ಕೆಳಕ್ಕೆ ತಳ್ಳುತ್ತದೆ. ಪುಡಿಯೂ ದ್ರವವೂ ಬೆರೆತು ಕಾವೇರಲು ಅರ್ಧ ನಿಮಿಷ ಬೇಕು. ಅಷ್ಟರಲ್ಲಿ ಗುಂಡು ತರಗಿನ ಮೇಲೆ ಬಿದ್ದು, ಸಣ್ಣಗೆ ಹೊಗೆಯಾಡಿ, ಭುಗ್ಗೆಂದು ಹತ್ತಿಕೊಳ್ಳುತ್ತದೆ. ಚುಚ್ಚಿಸಿಕೊಂಡ ಗುಂಡು ಪೆಟ್ಟಿಗೆಯಲ್ಲೇ ಸಿಕ್ಕಿಹಾಕಿಕೊಂಡರೆ ಆ ಅರ್ಧ ನಿಮಿಷದಲ್ಲಿ ನೀರಿನ ಹಿಡಿಕೆ ಎಳೆದು ಅದನ್ನು ಮುಳುಗಿಸಬೇಕು. ಅದೂ ಆಗದಿದ್ದರೆ ಕತ್ತಿಯಿಂದ ಪಟ್ಟಿ ಕುಯ್ದು ಪೆಟ್ಟಿಗೆಯನ್ನೇ ಬೀಳಿಸಬೇಕು. ಚಿಕ್ಕತಾಯಿ ಸಂಜೆ ಸೂಜಿ ಬಿಚ್ಚಿ ಬಿಸಿನೀರಲ್ಲಿ ತೊಳೆದು, ತೊಟ್ಟಿಕ್ಕಿದ ದ್ರವವನ್ನೆಲ್ಲ ಹತ್ತಿಬಟ್ಟೆಯಲ್ಲಿ ಒರೆಸಿ ಇಡುತ್ತಿದ್ದಳು, ಹಾಲು ಕರೆದ ಪಾತ್ರೆ ಬೆಳಗಿಡುವ ಹಾಗೆ.

ಇಷ್ಟು ಬೇರೆ ದೇಶಗಳಲ್ಲೂ ಇದ್ದದ್ದೇ. ಹೊಸದು, ಕಣ್ಣು. ಹೆಲಿಕಾಪ್ಟರಿನ ಹೊಟ್ಟೆಯಡಿ, ಕೈಗಡಿಯಾರದ ಮುಖದಷ್ಟು ಅಗಲದ ಕಪ್ಪು ಬಿಲ್ಲೆ. ಅದು ಬೆಳಕನ್ನಲ್ಲ, ಕಾವನ್ನು ನೋಡುತ್ತದೆ. ಕೆಳಗೆ ಮನುಷ್ಯನೋ ಜಿಂಕೆಯೋ ದನವೋ, ಮೈ ಬೆಚ್ಚಗಿರುವ ಯಾವುದು ಕಂಡರೂ 'ಖಟ್' ಎಂದು ಸೂಜಿಗೆ ಬೀಗ ಬೀಳುತ್ತದೆ. ಬೆಚ್ಚನೆಯ ಜೀವ ಆಚೆ ಹೋದ ಮೇಲೇ ಬೀಗ ಬಿಡುವುದು. ಬಿಸಿಲಿಗೆ ಕಾದ ಬಂಡೆಯನ್ನೂ ಅದು ಬಿಡುತ್ತಿರಲಿಲ್ಲ. ಆನೆಬೆನ್ನು ಬಂಡೆ ಎಂಬ ದೊಡ್ಡ ಕರಿಕಲ್ಲಿನ ಮೇಲೆ ಹಾಯುವಾಗಲಂತೂ ತಪ್ಪದೆ ಖಟ್ಟೆನ್ನುತ್ತಿತ್ತು. "ನಿನ್ನ ಪೆಟ್ಟಿಗೆಗೆ ಆ ಬಂಡೆ ಕಂಡರೆ ಮಾವ ಎದುರು ಬಂದ ಹಾಗೆ," ಎಂದು ಉತ್ತಯ್ಯ ರೇಗಿಸುತ್ತಿದ್ದರು.

ಕಣ್ಣು ಬಂದ ಮೇಲೆ ಕೆಳಗಿನವರಲ್ಲಿ ಎರಡು ಬದಲಾವಣೆಗಳಾದವು.

ಮೊದಲು ಬೆಂಕಿ ಹಾಕುವ ಮುನ್ನ ಕೂಗು ಹಾಕುತ್ತಿದ್ದರು. ಬೆಂಕಿ ಆಚೆ ದಾಟದಂತೆ ತರಗು ಸವರಿದ ಬೆಂಕಿಗೆರೆಯ ಒಂದು ತುದಿಯಿಂದ ಕೇತಮ್ಮ 'ಕೂ' ಎಂದರೆ ಮುಂದಿನವರು, ಅವರ ಮುಂದಿನವರು, ನಿಂತ ಸಾಲಿನಲ್ಲೇ ಒಬ್ಬೊಬ್ಬರೂ ಕೂಗಬೇಕು. ಯಾರದಾದರೂ ಒಂದು ಕೂಗು ಬರದಿದ್ದರೆ ಅವರನ್ನು ಹುಡುಕಿ ತಂದ ಮೇಲೇ ಬೆಂಕಿ. ಅದಕ್ಕೆ ಹೊತ್ತು ಹಿಡಿಯುತ್ತಿತ್ತು. ಕಣ್ಣಿರುವಾಗ ಕೂಗೇಕೆ ಎಂದು ಅದು ತಾನಾಗಿ ನಿಂತುಹೋಯಿತು.

ಇನ್ನೊಂದು, ಹೆಲಿಕಾಪ್ಟರಿಗೆ ಕೈ ಅಡ್ಡ ಹಾಕುವುದು. ಕಣಿವೆಯಲ್ಲಿ ವಾಕಿಟಾಕಿ ಸರಿಯಾಗಿ ಹಿಡಿಯುತ್ತಿರಲಿಲ್ಲ. ಕೆಳಗೆ ಏನಾದರೂ ತೊಡಕಾದರೆ ಯಾರಾದರೊಬ್ಬರು ಹೆಲಿಕಾಪ್ಟರು ಬರುವ ದಾರಿಗೆ ನಡೆದು ಹೋಗಿ, ಬಯಲಿದ್ದ ಕಡೆ ನಿಂತು, ಬಸ್ಸಿಗೆ ಕೈ ಅಡ್ಡ ಹಾಕಿದ ಹಾಗೆ ಕೈ ಚಾಚುವರು. ಮೇಲೆ ಖಟ್ಟೆಂದು ಬೀಗ ಬೀಳುವುದು. ಉತ್ತಯ್ಯ ಒಂದು ಸುತ್ತು ಹಾಕಿ ಕಾಯುವರು. ಹೀಗೆ ಮಾಡಿ ಎಂದು ಯಾರೂ ಹೇಳಿಕೊಟ್ಟದ್ದಲ್ಲ. ಮಾಡಬೇಡಿ ಎಂದು ಮೇಲಧಿಕಾರಿಗಳು ಒಂದೆರಡು ಸಲ ಹೇಳಿದ್ದುಂಟು. ಆದರೂ ತಪ್ಪಲಿನ ಊರುಗಳಲ್ಲಿ ನಿಲ್ದಾಣ ಇಲ್ಲದ ಕಡೆ ಬಸ್ಸು ನಿಲ್ಲಿಸಿ ರೂಢಿಯಾದವರಿಗೆ ಇದೂ ರೂಢಿಯಾಯಿತು.

ಹಾಗೆ ಕೈ ಅಡ್ಡ ಹಾಕುವುದರಲ್ಲಿ ಚಿಕ್ಕತಾಯಿಯ ಗಂಡ ದೊರೆಸ್ವಾಮಿ ಎಲ್ಲರಿಗಿಂತ ಮುಂದು. ಮಳೆಗಾಲದಲ್ಲಿ ತಪ್ಪಲಿನ ಊರಿನಲ್ಲಿ ಮೊಬೈಲು ರಿಪೇರಿ ಅಂಗಡಿ ನಡೆಸುವವನು, ಚಳಿಗಾಲದಲ್ಲಿ ಕೇತಮ್ಮನ ತಂಡದಲ್ಲಿ ಬೆಂಕಿ ಕಾಯುತ್ತಿದ್ದ. ಹೆಂಡತಿ ಮೇಲಿಂದ ಬೆಂಕಿ ಸುರಿಯುವವಳು, ಗಂಡ ಕೆಳಗೆ ಬೆಂಕಿ ಕಾಯುವವನು. "ನಿಮ್ಮಿಬ್ರ ಜಗಳಕ್ಕೆ ಸರ್ಕಾರವೇ ಖರ್ಚು ಕೊಡ್ತದೆ," ಎಂದು ಕೇತಮ್ಮ ನಗುವಳು.

ದೊರೆಸ್ವಾಮಿಯ ಕೈ ಬಲು ನಯ. ಇರುವೆಯ ಕಾಲಿನಷ್ಟು ಸಣ್ಣ ತಂತಿಗೂ ಬೆಸುಗೆ ಹಾಕುತ್ತಿದ್ದ. ಹೊಸ ವಸ್ತು ಮನೆಗೆ ಬಂದರೆ ಅದರ ಮೇಲಿನ ಪ್ಲಾಸ್ಟಿಕ್ ತೆಗೆಯಲು ಮಾತ್ರ ಅವನಿಗೆ ಮನಸ್ಸು ಬಾರದು. ಮದುವೆಯಲ್ಲಿ ಬಂದ ಬೀರುವಿನ ಕನ್ನಡಿಗೆ ಇನ್ನೂ ಅಂಗಡಿಯ ಹಾಳೆ ಅಂಟಿಕೊಂಡೇ ಇತ್ತು. ಟೀವಿಯ ರಿಮೋಟು ಕವರಿನೊಳಗೆ, ಮಿಕ್ಸಿ ಕವರಿನೊಳಗೆ, ಗೋಡೆಯ ಮೇಲಿನ ದೇವರ ಪಟವೂ ಕವರಿನೊಳಗೆ.

"ನನ್ನೂ ಒಂದು ಕವರಲ್ಲಿ ಸುತ್ತಿ ಇಟ್ಬುಡಿ," ಎಂದಳು ಚಿಕ್ಕತಾಯಿ ಒಂದು ಸಂಜೆ. ಸಂಕ್ರಾಂತಿಗೆ ಎರಡು ದಿನ ಮುಂಚೆ. ಇಬ್ಬರೂ ಜಗಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು.

"ನಿನ್ ಸೈಜಿಂದು ಸಿಕ್ಕಲ್ಲ ಕನಮ್ಮಿ."

ಅವಳು ಒಂದು ಸಿಪ್ಪೆ ತೆಗೆದು ಅವನ ಮೇಲೆ ಎಸೆದಳು. ಆಮೇಲೆ ಮೆಲ್ಲಗೆ, "ಹಬ್ಬದ ದಿನ ಮಿಷನ್ ಪೂಜೆ ಮಡಗವ್ರೆ. ಊರೆಲ್ಲ ಬತ್ತದೆ," ಎಂದಳು.

"ಬರ್ಲಿ ಬುಡು."

"ಬಂದೋರು ಸುಮ್ನೆ ಇರ್ತಾರ? ಹೋದ್ಸಲ ಯಾರೋ ಕಣ್ಣಿಗೂ ವಿಭೂತಿ ಬಳ್ದಿದ್ರಲ್ಲ."

ಅದು ಇಬ್ಬರಿಗೂ ಮರೆಯುವಂಥದ್ದಲ್ಲ. ಹಿಂದಿನ ವರ್ಷ ವಿಭೂತಿ ಒರೆಸಲು ಹೋಗಿ ಕಣ್ಣಿನ ಮೇಲಿನ ಲೇಪ ಗೀಚಿಹೋಗಿತ್ತು. ಹೊಸ ಕಣ್ಣು ಬರುವಷ್ಟರಲ್ಲಿ ತಂಪಿನ ದಿನಗಳು ಮುಗಿದವು. ಸುಡದೆ ಉಳಿದ ತುಂಡು ಚೈತ್ರದಲ್ಲಿ ತಾನಾಗಿ ಹತ್ತಿಕೊಂಡು ಕೇತಮ್ಮನ ಪೋಡಿನ ಅರ್ಧ ಮನೆಗಳನ್ನು ತಿಂದಿತು. ಪೆಟ್ಟಿಗೆಯ ಸುಪರ್ದಿ ನಿನ್ನದಲ್ಲವೇ ಎಂದು ಕೇಳಿ ಬಂದ ಇಲಾಖೆಯ ಪ್ರಶ್ನೆಗೆ ಚಿಕ್ಕತಾಯಿ ಉತ್ತರ ಕೊಡಬೇಕಾಯಿತು. ಕೇತಮ್ಮ ಮಾತ್ರ ಒಂದು ಮಾತೂ ಆಡಿರಲಿಲ್ಲ. ಅದೇ ಚಿಕ್ಕತಾಯಿಗೆ ಹೆಚ್ಚು ಚುಚ್ಚಿದ್ದು.

"ಈ ಸಲವೂ ಕಣ್ಣು ಕೆಟ್ರೆ ಮಿಕ್ಕಿರೋ ಮನೆಗಳೂ ಉಳಿಯಕಿಲ್ಲ," ಎಂದಳು.

ದೊರೆಸ್ವಾಮಿ ಎದ್ದು ಒಳಗೆ ಹೋಗಿ ಅಂಗಡಿಯ ಡಬ್ಬಿಯಿಂದ ಒಂದು ಸಣ್ಣ ಪೊಟ್ಟಣ ತಂದ. ಕೈಗಡಿಯಾರದ ಮೇಲೆ ಅಂಟಿಸುವ ಗುಂಡನೆಯ ಗಾಜು, ಉಗುರಿಗಿಂತ ತೆಳ್ಳಗೆ. "ಇದ ಅಂಟಿಸ್ತೀನಿ. ಏನು ಬಳುದ್ರೂ ಗಾಜಿನ ಮ್ಯಾಲೆ. ಸುತ್ತಿಗೇಲಿ ಹೊಡುದ್ರೂ ಕಣ್ಣಿಗೆ ಏನಾಗಕಿಲ್ಲ."

ಚಿಕ್ಕತಾಯಿ ಅದನ್ನು ಬೆರಳ ತುದಿಯಲ್ಲಿ ಹಿಡಿದು ತನ್ನ ಕಣ್ಣಿಗೆ ಇಟ್ಟುಕೊಂಡಳು. ಎದುರಿನ ಬೆಟ್ಟ, ಬೆಟ್ಟದ ಮೇಲಿನ ಒಂಟಿ ಮರ, ಮರದ ತುದಿಯ ಬೋಳು ಕೊಂಬೆ ಎಲ್ಲ ಇದ್ದ ಹಾಗೇ ಕಂಡವು. ಗಾಜು ಇದೆಯೋ ಇಲ್ಲವೋ ಎನ್ನುವಷ್ಟು ತಿಳಿ.

"ಏನೂ ಅಡ್ಡ ಇಲ್ಲ," ಎಂದಳು.

ಹಬ್ಬದ ಬೆಳಿಗ್ಗೆ ಜನ ಬರುವ ಮೊದಲೇ ಹೋಗಿ ಅಂಟಿಸಿದ. ಗುಳ್ಳೆ ಏಳದ ಹಾಗೆ ನಡುವಿನಿಂದ ಅಂಚಿಗೆ ಹೆಬ್ಬೆರಳಲ್ಲಿ ನೀವಿದ. ದೀಪ ಹಸಿರಾಗೇ ಇತ್ತು. ಪೂಜೆಯಾಯಿತು. ಚೆಂಡುಹೂವಿನ ಹಾರ, ನಿಂಬೆಹಣ್ಣು, ಎಳ್ಳು–ಬೆಲ್ಲ. ಯಾರೋ ಬಗ್ಗಿ ಹೋಗಿ ಹೊಟ್ಟೆಯಡಿಯ ಕಣ್ಣಿಗೂ ಮೂರು ಬೆರಳಿನ ವಿಭೂತಿ ಎಳೆದೇಬಿಟ್ಟರು. ಸಂಜೆ ಊರಲ್ಲಿ ದನಗಳಿಗೆ ಕಿಚ್ಚು ಹಾಯಿಸಿದ ಮೇಲೆ ಗಂಡ ಹೆಂಡತಿ ಬಯಲಿಗೆ ಬಂದು ಒದ್ದೆ ಬಟ್ಟೆಯಲ್ಲಿ ಗಾಜನ್ನು ಒರೆಸಿದರು. ಫಳಫಳ ಹೊಳೆಯಿತು.

"ತೆಗುದ್ಬುಡ್ಲ?" ಎಂದ ದೊರೆಸ್ವಾಮಿ.

ಚಿಕ್ಕತಾಯಿ ಬಗ್ಗಿ ನೋಡಿದಳು. ಮಸಿ, ದೂಳು, ಗಾಳಿಗೆ ಹಾರುವ ಬೂದಿ ಎಲ್ಲ ನೆನಪಾದವು.

"ಇರ್ಲಿ ಬುಡಿ," ಎಂದಳು. "ಕಾಣ್ತದಲ್ಲ."

*

ಮಾರನೆಯ ದಿನ ಸುಡಬೇಕಿದ್ದದ್ದು ಕಲ್ಲುಹಳ್ಳದ ತುಂಡು. ಪೋಡಿಗೂ ದೊಡ್ಡ ಕಾಡಿಗೂ ನಡುವೆ ಉಳಿದಿದ್ದ ಕೊನೆಯ ಪೊದೆಗಾಡು ಅದು. ಇಬ್ಬನಿ ಆರುವಷ್ಟರಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಪ್ರಶ್ನೆ–ಉತ್ತರ ಮುಗಿಯಿತು. "ಕಣ್ಣು?" "ಹಸಿರು." ಹೆಲಿಕಾಪ್ಟರು ಎದ್ದಿತು. ಚಿಕ್ಕತಾಯಿ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಪೆಟ್ಟಿಗೆಯ ಪಕ್ಕ ಮಂಡಿಯೂರಿದಳು.

ಟಕ್, ಟಕ್, ಟಕ್. ಒಂದೊಂದು ಟಕ್ಕಿಗೂ ಒಂದು ಬಿಳಿ ಗುಂಡು ಕೆಳಗಿನ ಕಂದು ತರಗಿನಲ್ಲಿ ಮಾಯವಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಹಿಂದೆ ಸಾಲಾಗಿ ಹೊಗೆಯ ಎಳೆಗಳು ಏಳುತ್ತಿದ್ದವು, ಆಳು ಮಕ್ಕಳು ಸಾಲಾಗಿ ನಾಟಿ ಹಾಕಿಕೊಂಡು ಹೋದ ಹಾಗೆ.

ಆನೆಬೆನ್ನು ಬಂಡೆ ಬಂತು. ಚಿಕ್ಕತಾಯಿಯ ಕಿವಿ ತಾನಾಗಿ 'ಖಟ್'ಗೆ ಕಾಯಿತು. ಟಕ್, ಟಕ್ ಎನ್ನುತ್ತಲೇ ಬಂಡೆ ಹಿಂದೆ ಸರಿಯಿತು.

"ಅರೆ, ಇವತ್ತು ಮಾವನ ಭಯ ಹೋಗಿದೆ!" ಎಂದರು ಉತ್ತಯ್ಯ ಹೆಡ್‌ಫೋನಿನಲ್ಲಿ. "ಪೂಜೆಯ ಫಲ ನೋಡು."

ಅವಳೂ ನಕ್ಕಳು. ಬಂಡೆ ಇನ್ನೂ ಕಾದಿಲ್ಲವೇನೋ ಅಂದುಕೊಂಡಳು. ಆದರೆ ಬಂಡೆಯ ಮೇಲೆ ಮೈ ಕಾಯಿಸುತ್ತ ಮಲಗಿದ್ದ ಎರಡು ಹಾವುರಾಣಿಗಳು ಗಾಳಿಯ ಸದ್ದಿಗೆ ಸರಕ್ಕನೆ ಜಾರಿದ್ದನ್ನು ಅವಳು ನೋಡಿದ್ದಳು. ಬಂಡೆ ಕಾಯದೆ ಅವು ಅಲ್ಲಿ ಮಲಗುತ್ತಿರಲಿಲ್ಲ.

ಎರಡನೆಯ ಸಾಲಿಗೆ ತಿರುಗಿದರು. ಹೊಗೆಯಿಂದ ಬೆದರಿದ ಕಾಟಿಗಳ ಗುಂಪೊಂದು ಪೊದೆ ಸೀಳಿಕೊಂಡು ಹೆಲಿಕಾಪ್ಟರಿನ ಕೆಳಗೇ ಅಡ್ಡ ಓಡಿತು. ಕಾಡುಕೋಣಗಳ ಗುಡ್ಡದಂಥ ಮೈಗಳು, ಬೆವರಿನ ಹೊಳಪು. ಟಕ್, ಟಕ್, ಟಕ್. ಬೀಗ ಬೀಳಲಿಲ್ಲ. ಒಂದು ಗುಂಡು ಕಾಟಿಯ ಬೆನ್ನಿಗೇ ಬಡಿದು ಪುಟಿದು ಬಿತ್ತು.

"ಕ್ಯಾಪ್ಟನ್, ಕಣ್ಣು ಕಾಣ್ತಿಲ್ಲ," ಎಂದಳು. ಎನ್ನುತ್ತ, ಸೂಜಿಯನ್ನು ಕೈಯಿಂದಲೇ ನಿಲ್ಲಿಸುವ ಬೀಗದ ಗುಂಡಿಗೆ ಕೈ ನೀಡಿದವಳ ದೃಷ್ಟಿ ಮುಂದಿನ ಬಯಲಿಗೆ ಬಿತ್ತು. ಹಳ್ಳದ ದಂಡೆಯಲ್ಲಿ ಪೊದೆ ಸವರಿದ ಒಂದು ಪಟ್ಟಿ ಜಾಗ. ಅದರ ನಡುವೆ ಹಳದಿ ಅಂಗಿಯ ಮನುಷ್ಯ. ಬಲಗೈಯನ್ನು ಚಾಚಿ, ಎಡಗೈ ಸೊಂಟದ ಮೇಲಿಟ್ಟು ನಿಂತಿದ್ದ. ಬಸ್ಸಿಗೆ ಕೈ ಅಡ್ಡ ಹಾಕುವಾಗ ಹಾಗೆ ನಿಲ್ಲುತ್ತಿದ್ದವನು ಒಬ್ಬನೇ.

ಅವಳ ಅಂಗೈ ಗುಂಡಿಯ ಮೇಲೆ ಬಿದ್ದು ಖಟ್ಟೆಂದಾಗ ಹೆಲಿಕಾಪ್ಟರು ಅವನ ನೆತ್ತಿಯನ್ನು ದಾಟಿಯಾಗಿತ್ತು.

*

ಕೆಳಗೆ ಆದದ್ದು ಇಷ್ಟು. ಹಳ್ಳದ ಅಂಚು ಸರಿಯಾಗಿ ಹತ್ತಿದೆಯೇ ನೋಡಲು ಕೇತಮ್ಮ ಗೆರೆ ದಾಟಿ ಒಳಗೆ ಬಂದಿದ್ದಳು. ಎರಡು ಕಲ್ಲುಗಳ ನಡುವೆ ಕಾಲು ಜಾರಿ ಹರಡಿನವರೆಗೂ ಸಿಕ್ಕಿಕೊಂಡಿತು. ದೊರೆಸ್ವಾಮಿ ಎಳೆದು ನೋಡಿದ, ಬರಲಿಲ್ಲ. ವಾಕಿಟಾಕಿ ಬರೀ ಕರಕರ ಎಂದಿತು. ಹೆಲಿಕಾಪ್ಟರಿನ ಸದ್ದು ಹತ್ತಿರವಾಗುತ್ತಿತ್ತು.

"ಗಾಬರಿ ಬ್ಯಾಡ ಕೇತಕ್ಕ, ನಿಲ್ಲಿಸ್ತೀನಿ ಇರು," ಎಂದು ಬಯಲಿಗೆ ನಡೆದು ಕೈ ಚಾಚಿದ.

ಅವನ ಮುಂದೆ ತರಗಿನ ಮೇಲೆ ಒಂದು ಗುಂಡು ಬಿತ್ತು.

ಏನಾಯಿತು ಎಂದು ತಿಳಿಯದೆ ಅದನ್ನೇ ನೋಡಿದ. ಬಿಳಿಯ ಗುಂಡು, ಪಕ್ಕದಲ್ಲಿ ಸೂಜಿಯ ತೂತು, ತೂತಿನ ಬಾಯಲ್ಲಿ ನೇರಳೆ ನೊರೆ. ಇನ್ನೊಂದು ಬಿತ್ತು. ಇನ್ನೊಂದು, ಕೇತಮ್ಮ ಕುಳಿತಿದ್ದ ಕಡೆಗೆ. ಗಾಜನ್ನು ನೀವಿದ ಹೆಬ್ಬೆರಳು ಆ ಗಳಿಗೆಯಲ್ಲಿ ನೆನಪಾಯಿತು ಎಂದು ಆಮೇಲೆ ಅವನೇ ಹೇಳಿದ.

ಅರ್ಧ ನಿಮಿಷದ ಲೆಕ್ಕ ಅವನಿಗೂ ಗೊತ್ತಿತ್ತು. ಕೇತಮ್ಮನ ಸುತ್ತ ಬಿದ್ದವನ್ನು ಬಾಚಿ ಹಳ್ಳದ ನೀರಿಗೆ ಎಸೆಯತೊಡಗಿದ. ಒಂದು ಎಲೆಯಡಿ ಸೇರಿತ್ತು, ಕೆದಕಿ ತೆಗೆದ. ಇನ್ನೊಂದು ಅವಳ ಸೆರಗಿನ ಮಡಿಲಲ್ಲೇ ಬಿದ್ದಿತ್ತು. ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡಾಗ ಅದು ಮೊಟ್ಟೆಯ ಹಾಗೆ ಬೆಚ್ಚಗಿತ್ತು. ಎಸೆಯಲು ಕೈ ಎತ್ತುವಷ್ಟರಲ್ಲಿ ಹತ್ತಿಕೊಂಡಿತು. ಪ್ಲಾಸ್ಟಿಕ್ ಕರಗಿ ಅಂಗೈಗೆ ಅಂಟಿತು. ಆದರೂ ಅವನು ಅದನ್ನು ಅವಳ ಕಡೆ ಬಿಡಲಿಲ್ಲ.

ಕೇತಮ್ಮ ಕಾಲನ್ನು ಕಿತ್ತುಕೊಂಡಳು. ಹರಡಿನ ಚರ್ಮ ಕಲ್ಲಿನಲ್ಲೇ ಉಳಿಯಿತು. ಅವನ ರಟ್ಟೆ ಹಿಡಿದು ದರದರ ಎಳೆದುಕೊಂಡು ಹೋಗಿ ಹಳ್ಳದ ಮೊಣಕಾಲುದ್ದ ನೀರಿನಲ್ಲಿ ಕೂರಿಸಿ, ಮೇಲೆ ತಾನು ಒದ್ದೆ ಸೀರೆಯೊಡನೆ ಕವುಚಿಕೊಂಡಳು. ಆಚೆ ಬಿದ್ದ ಗುಂಡುಗಳೆಲ್ಲ ಒಂದೊಂದಾಗಿ ಭುಗ್ಗೆಂದವು.

*

"ಇಳಿಸಿ," ಎಂದಳು ಚಿಕ್ಕತಾಯಿ. "ಕ್ಯಾಪ್ಟನ್, ಇಳಿಸಿ."

"ಆಗಲ್ಲ ತಾಯಿ," ಎಂದರು ಉತ್ತಯ್ಯ. "ರೆಕ್ಕೆಯ ಗಾಳಿ ಬಿದ್ದರೆ ಬೆಂಕಿ ಅವರ ಮೇಲೇ ಏಳುತ್ತೆ. ದೂರ ಹೋಗಬೇಕು. ನಿನಗೂ ಗೊತ್ತು."

ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಇನ್ನೊಮ್ಮೆ "ಇಳಿಸಿ" ಎಂದಳು. ಹೆಲಿಕಾಪ್ಟರು ಮೇಲೇರಿ, ಗಂಡನನ್ನೂ ಹೊಗೆಯನ್ನೂ ಬಿಟ್ಟು, ಕಲ್ಲುಹಳ್ಳದ ಮೇಲಿನ ಬೋಳು ದಿಣ್ಣೆಯ ಮೇಲೆ ಹೋಗಿ ಕೂತಿತು. ಉತ್ತಯ್ಯ ಉಳಿದ ಕಾವಲಿನವರನ್ನು ಕರೆಯಲು ವಾಕಿಟಾಕಿ ಹಿಡಿದರು. ಅಲ್ಲಿಂದ ಸಂಪರ್ಕ ಸಿಕ್ಕಿತು. ಆಚೆ ದಂಡೆಯವರು ಹೊರಟರು. ಇಂಜಿನ್ನು ಆರಿತು. ರೆಕ್ಕೆಗಳು ಉಸ್ಸೆನ್ನುತ್ತ ನಿಂತವು.

ಚಿಕ್ಕತಾಯಿ ಪಟ್ಟಿ ಬಿಚ್ಚಿಕೊಂಡು ದಿಣ್ಣೆಯ ಅಂಚಿಗೆ ಬಂದು ನಿಂತಳು. ಕೆಳಗೆ ಹೊಗೆ ಬಿಟ್ಟರೆ ಏನೂ ಕಾಣದು. ಎಷ್ಟೋ ಚಳಿಗಾಲಗಳಿಂದ ಯಾರೂ ಕೂಗದ ಕೂಗನ್ನು ಅವಳು ಕೂಗಿದಳು. ಮೊದಲ ಕೂಗು ಹೊಗೆಯಲ್ಲೇ ಅಡಗಿತು. ಇನ್ನೊಮ್ಮೆ ಕೂಗಿದಳು.

"ಕೂ..."

ಬೆಂಕಿಯ ಚಟಪಟ. ಹೊಗೆಯ ಅಂಚಿನಲ್ಲಿ ಹುಳ ಹಿಡಿಯುವ ಹಕ್ಕಿಗಳ ಕಿಚಿಪಿಚಿ. ಆಮೇಲೆ ಕೆಳಗಿನಿಂದ, ಒರಟಾಗಿ, ಕೇತಮ್ಮನ "ಕೂ".

ಸಾಲಿನಲ್ಲಿ ಕೇತಮ್ಮನ ಮುಂದಿನವನು ದೊರೆಸ್ವಾಮಿ. ಈಗ ಬರಬೇಕಾದ್ದು ಅವನ ಕೂಗು. ಚಿಕ್ಕತಾಯಿ ಕಾದಳು. ಪಕ್ಕದಲ್ಲಿ ಉತ್ತಯ್ಯ ಬಂದು ನಿಂತರು. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಅದನ್ನು ನೋಡಿ, "ಹಾಕ್ಕೊಳಿ ಅದ," ಎಂದು ಸಿಡುಕಿದಳು.

ಆಮೇಲೆ ಬಂತು. ಕೂಗಲ್ಲ, ನರಳಿಕೆಗೆ ಕೂಗಿನ ಆಕಾರ ಕೊಟ್ಟ ಹಾಗೆ. ಆದರೂ ಅವನದೇ.

ಚಿಕ್ಕತಾಯಿ ಅಲ್ಲೇ ನೆಲದ ಮೇಲೆ ಕುಕ್ಕರಿಸಿದಳು.

*

ಕಣ್ಣನ್ನು ಮಾಡಿದವರಲ್ಲಿ ಒಬ್ಬರಾದ ಇಂಜಿನಿಯರ್ ನಳಿನಾಕ್ಷಿ ವಾರದೊಳಗೆ ಬಂದರು. ಬಯಲಿನ ಶೆಡ್ಡಿನಲ್ಲಿ ಮೇಜಿನ ಮೇಲೆ ಕಣ್ಣನ್ನು ಬಿಚ್ಚಿಟ್ಟು, ಅದು ನೋಡುವುದು ಪರದೆಯ ಮೇಲೆ ಮೂಡುವ ಹಾಗೆ ಜೋಡಿಸಿದರು. ಅಂಟಿಸಿದ ಗಾಜನ್ನು ಮೆಲ್ಲಗೆ ಎಬ್ಬಿಸಿ ಪಕ್ಕಕ್ಕಿಟ್ಟರು.

"ಇದರ ಮುಂದೆ ನಿಮ್ಮ ಕೈ ಹಿಡೀರಿ."

ಚಿಕ್ಕತಾಯಿ ಹಿಡಿದಳು. ಪರದೆಯ ಮೇಲೆ ಅವಳ ಅಂಗೈ ಕೆಂಡದ ಬಣ್ಣದಲ್ಲಿ ಬೆಳಗಿತು. ನಳಿನಾಕ್ಷಿ ಆ ತೆಳು ಗಾಜನ್ನು ಕೈಗೂ ಕಣ್ಣಿಗೂ ನಡುವೆ ತಂದರು. ಅಂಗೈ ಆರಿಹೋಯಿತು. ಬೂದು ಬಣ್ಣದ ಒಂದು ಗುಂಡು ಬಿಲ್ಲೆ ಮಾತ್ರ ಉಳಿಯಿತು. ಗಾಜಿನ ಆಚೆ ಚಿಕ್ಕತಾಯಿಗೆ ತನ್ನ ಐದು ಬೆರಳೂ ಸ್ಪಷ್ಟವಾಗಿ ಕಾಣುತ್ತಿದ್ದವು.

"ಬೆಳಕು ಗಾಜಿನೊಳಗೆ ಹಾಯುತ್ತೆ," ಎಂದರು ನಳಿನಾಕ್ಷಿ. "ಮೈಯ ಕಾವು ಹಾಯಲ್ಲ. ನಮಗೆ ಇದು ಕಿಟಕಿ, ಪೆಟ್ಟಿಗೆಯ ಕಣ್ಣಿಗೆ ಗೋಡೆ. ಅಷ್ಟು ಹೊತ್ತೂ ಅದು ಗೋಡೆಯನ್ನೇ ನೋಡ್ತಾ ಇತ್ತು."

"ಆದ್ರೆ ಹಸಿರು ದೀಪ ಇತ್ತಲ್ಲ ಮೇಡಂ."

ನಳಿನಾಕ್ಷಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. "ಬೆಳಿಗ್ಗೆ ಅದು ತನ್ನ ರೆಪ್ಪೆ ಮುಚ್ಚಿಕೊಂಡು ತನ್ನನ್ನೇ ತಾನು ನೋಡಿಕೊಳ್ಳುತ್ತೆ. ಒಳಗೆ ಎಲ್ಲ ಸರಿಯಿದ್ದರೆ ಹಸಿರು. ಹೊರಗೆ ಏನಾದರೂ ಕಾಣ್ತಿದೆಯಾ ಅಂತ ಅದನ್ನ ಯಾರೂ ಕೇಳಲ್ಲ. ಆ ಪರೀಕ್ಷೆ ಬರೆದದ್ದು ನಾನು." ಕನ್ನಡಕ ಮತ್ತೆ ಹಾಕಿಕೊಂಡು, "ಗಾಜು ಅಂಟಿಸಿದ್ದು ಯಾರು ಅಂತ ನಾನು ವರದಿಯಲ್ಲಿ ಹೇಳಬೇಕಾಗುತ್ತೆ," ಎಂದರು.

"ಅಂಟಿಸಿದ್ದು ನಮ್ಮೆಜಮಾನ್ರು. ಇರ್ಲಿ ಅಂದದ್ದು ನಾನು. ಬಂಡೆ ಮ್ಯಾಲೆ ಬೀಗ ಬೀಳ್ದೆ ಇದ್ದಾಗ ನಕ್ಕದ್ದೂ ನಾನೇ. ಮೂರನ್ನೂ ಬರ್ಕೊಳಿ."

ಆ ಚಳಿಗಾಲಕ್ಕೆ ಅವಳನ್ನು ಪೆಟ್ಟಿಗೆಯಿಂದ ಇಳಿಸಿದರು. ಅವಳು ಕೇತಮ್ಮನ ತಂಡಕ್ಕೆ ಸೇರಿಕೊಂಡು, ಕಲ್ಲುಹಳ್ಳದಲ್ಲಿ ಉಳಿದ ಪೊದೆಗಾಡನ್ನು ಕೈಯಿಂದಲೇ ಸುಟ್ಟು ಮುಗಿಸಿದಳು. ಬೇಸಿಗೆಯಲ್ಲಿ ಬೆಂಕಿ ಬಂದಾಗ ಅದು ಆ ಕರಿನೆಲದ ಅಂಚಿಗೆ ಬಂದು, ತಿನ್ನಲು ಏನೂ ಸಿಗದೆ ಮಲಗಿತು. ಪೋಡಿನ ಮನೆಗಳು ಉಳಿದವು.

ದೊರೆಸ್ವಾಮಿ ಜಿಲ್ಲಾ ಆಸ್ಪತ್ರೆಯಲ್ಲಿ ಬಹಳ ದಿನ ಇದ್ದ. ಮೊದಲ ಸಲ ನೋಡಲು ಹೋದಾಗ ಅವನ ಎರಡೂ ಕೈಗಳಿಗೆ ಮುಲಾಮು ಹಚ್ಚಿ ಮೊಣಕೈವರೆಗೆ ತಿಳಿ ಪ್ಲಾಸ್ಟಿಕ್ ಚೀಲ ಕಟ್ಟಿದ್ದರು. ಚಿಕ್ಕತಾಯಿ ಮಂಚದ ಕಬ್ಬಿಣ ಹಿಡಿದು ನಿಂತಳು. ಅವನೇ ಕೈ ಎತ್ತಿ ತೋರಿಸಿದ.

"ನೋಡಮ್ಮಿ. ಕೊನೆಗೆ ನಂಗೇ ಕವರ್ ಹಾಕ್ಬುಟ್ರು."

ಅವಳು ನಗಲು ಹೋಗಿ ಅತ್ತುಬಿಟ್ಟಳು. ಅವನು ಅವಳ ಬೆನ್ನು ಸವರಲು ಹೋದ. ಚೀಲ ಚರಚರ ಎಂದಿತು.

ಬೆರಳುಗಳು ಮತ್ತೆ ಮೊದಲಿನ ಹಾಗೆ ಆಡಲಿಲ್ಲ. ಅಂಗಡಿಯ ಬೆಸುಗೆಯ ಕಡ್ಡಿಯನ್ನು ಮುರಿದ ಫೋನುಗಳ ಜೊತೆಗೆ ಒಂದು ಡಬ್ಬಿಯಲ್ಲಿ ಹಾಕಿ ಅಟ್ಟಕ್ಕೆ ಏರಿಸಿದರು. ಊರಿಗೆ ಬಂದ ಮೇಲೆ ಒಂದು ಮಧ್ಯಾಹ್ನ ಅವನು ಬೀರುವಿನ ಮುಂದೆ ಕುಳಿತು, ಕನ್ನಡಿಯ ಹಾಳೆಯ ಅಂಚನ್ನು ಉಗುರಿನಲ್ಲಿ ಕೆರೆಯುತ್ತಿದ್ದ. ಬೆರಳಿಗೆ ಹಿಡಿತ ಸಿಗುತ್ತಿರಲಿಲ್ಲ. ಚಿಕ್ಕತಾಯಿ ಬಂದು ಪಕ್ಕದಲ್ಲಿ ಕುಳಿತು ಒಂದು ತುದಿ ಎಬ್ಬಿಸಿಕೊಟ್ಟಳು. ಅವನು ಅದನ್ನು ಎರಡು ಮಣಿಕಟ್ಟುಗಳ ನಡುವೆ ಸಿಕ್ಕಿಸಿ ಎಳೆದ.

*

ಮುಂದಿನ ಚಳಿಗಾಲಕ್ಕೆ ಚಿಕ್ಕತಾಯಿಯನ್ನು ಮತ್ತೆ ಪೆಟ್ಟಿಗೆಗೆ ಕರೆದರು. ಬೆಳಗಿನ ಪ್ರಶ್ನೆಗಳಿಗೆ ಇನ್ನೊಂದು ಸೇರಿತ್ತು. ಜೀವದ ಕಾವನ್ನು ತೋರಿಸಿ ಕಣ್ಣಿನ ಬೀಗ ಬೀಳುವುದೇ ಎಂದು ನೋಡಲು ನಳಿನಾಕ್ಷಿ ವಿದ್ಯುತ್ತಿನಿಂದ ಬಿಸಿಯಾಗುವ ಒಂದು ತಟ್ಟೆ ಕಳಿಸಿದ್ದರು. ಚಿಕ್ಕತಾಯಿ ಅದನ್ನು ಒರೆಸಿ ಶೆಡ್ಡಿನ ಗೂಡಿನಲ್ಲಿ ಇಟ್ಟಳು. ಅದರ ಬದಲು ಏನು ಮಾಡುತ್ತೇವೆಂದು ಫೋನಿನಲ್ಲಿ ಹೇಳಿದಾಗ ನಳಿನಾಕ್ಷಿ, "ಸರಿ, ಅದು ಇನ್ನೂ ಕಠಿಣ ಪರೀಕ್ಷೆ," ಎಂದಿದ್ದರು.

ಕಲೆಗಟ್ಟಿದ ಚರ್ಮದಲ್ಲಿ ರಕ್ತದ ಓಟ ಕಡಿಮೆ. ಚಳಿಯ ಬೆಳಗಿನಲ್ಲಿ ದೊರೆಸ್ವಾಮಿಯ ಅಂಗೈಗಳು ಬೇರೆಯವರ ಕೈಗಿಂತ ತಣ್ಣಗಿರುತ್ತಿದ್ದವು. ಆ ಕೈ ಕಂಡರೆ ಯಾರ ಕೈಯಾದರೂ ಕಾಣುತ್ತದೆ.

"ಸೂಜಿ?" ಎಂದರು ಉತ್ತಯ್ಯ.

"ಒಣಗಿದೆ."

"ನೀರಿನ ತೊಟ್ಟಿ?"

"ತುಂಬಿದೆ."

"ದಾರಿ?"

"ಸಲೀಸು."

"ಕತ್ತಿ?"

"ಇದೆ."

"ಕಣ್ಣು?"

"ಹಸಿರು."

"ಕೈ?"

ದೊರೆಸ್ವಾಮಿ ಹೆಲಿಕಾಪ್ಟರಿನ ಹೊಟ್ಟೆಯಡಿ ಬಗ್ಗಿ ನಿಂತು, ನೇರವಾಗದ ಬೆರಳುಗಳ ಬಲಗೈಯನ್ನು ಕಣ್ಣಿನ ಮುಂದೆ ಹಿಡಿದ. ಎಡಗೈ ಸೊಂಟದ ಮೇಲಿತ್ತು. ಬೀಗ ತಕ್ಷಣ ಬೀಳಲಿಲ್ಲ. ಉತ್ತಯ್ಯ ಇಂಜಿನ್ನಿಗೆ ಕೈ ಹಾಕಲಿಲ್ಲ. ಚಿಕ್ಕತಾಯಿ ಪೆಟ್ಟಿಗೆಯ ಮೇಲೆ ಅಂಗೈ ಊರಿ ಕಾದಳು. ಬಯಲಿನ ಹುಲ್ಲಿನ ಮೇಲೆ ಇಬ್ಬನಿ ಆರುತ್ತಿತ್ತು.

ಖಟ್.

"ಕಂಡಿತು," ಎಂದಳು.

ದೊರೆಸ್ವಾಮಿ ಹೊರಗೆ ಬಂದು, ಕಾಡಿನ ಕಡೆ ತಿರುಗಿ, ಬಾಯಿಗೆ ಕೈ ಅಡ್ಡ ಇಟ್ಟು ಕೂಗಿದ. ಬೆಟ್ಟದ ತಪ್ಪಲಿನಿಂದ ಕೇತಮ್ಮ ಓಗೊಟ್ಟಳು. ಅವಳ ಆಚೆಯವರು, ಅವರ ಆಚೆಯವರು, ಒಬ್ಬೊಬ್ಬರಾಗಿ. ಕೊನೆಯ ಕೂಗು ಬಹಳ ದೂರದ್ದು, ಗಾಳಿ ನಿಂತರೆ ಮಾತ್ರ ಕೇಳುವಂಥದ್ದು. ಅದು ಬರುವವರೆಗೂ ಯಾರೂ ಅಲುಗಲಿಲ್ಲ.